ಮೊಂತಿ ಹಬ್ಬದ ಐದು ಕಾಳು

ಮುಸಫ್ಫಾ, ಅಬುಧಾಬಿ
9 ಸೆಪ್ಟೆಂಬರ್ 2025, ಮಂಗಳವಾರ

ಸಿಟ್ಟಿನಲ್ಲಿರುವ ನನ್ನ ಜಸೀಲಾ,

ಈ ಕಾಗದ ನಿನಗೆ ಸಿಕ್ಕಿದ್ದು ಲಿಯೊನೆಲ್‌ನ ಕಪ್ಪು ಪ್ಯಾಂಟಿನ ಕಿಸೆಯಲ್ಲಿ. ಆ ಪ್ಯಾಂಟಿಗೆ ಎಂತದ್ದೂ ಆಗಿಲ್ಲ. ಉದ್ದ ಕಡಿಮೆ ಮಾಡಬೇಕು ಅಂತ ಚೀಟಿ ಚುಚ್ಚಿ ದುಬೈಯ ಸತ್ವಾದ ನಿಮ್ಮ ಟೈಲರ್ ಅಂಗಡಿಗೆ ಕಳಿಸಿದವಳು ನಾನೇ. ನಿನ್ನ ಗಂಡ ಕತ್ತರಿ ಹಿಡಿಯುವ ಮೊದಲು ಕಿಸೆಗೆ ಕೈ ಹಾಕಿ ನೋಡುವ ಮನುಷ್ಯ ಅಂತ ನನಗೆ ಗೊತ್ತು. ಆದರೂ ಶಾನವಾಝ್ ಅದನ್ನು ನಿಜವಾಗಿ ಕತ್ತರಿಸದ ಹಾಗೆ ನೋಡಿಕೋ ಮಾರಾಯ್ತಿ, ನನ್ನ ಗಂಡನಿಗೆ ಇಗರ್ಜಿಗೆ ಹಾಕಲಿಕ್ಕೆ ಇರುವುದು ಅದೊಂದೇ.

ಬೇರೆ ದಾರಿ ಎಲ್ಲಿ ಇಟ್ಟಿದ್ದೀ ನೀನು? ವಾಟ್ಸ್‌ಆಪ್‌ನಲ್ಲಿ ನನ್ನನ್ನು ಬ್ಲಾಕ್ ಮಾಡಿ ಹತ್ತು ತಿಂಗಳಾಯಿತು. ಫೋನ್ ಮಾಡಿದರೆ ಶಾನವಾಝ್ ಎತ್ತಿ, ಅವಳು ಸ್ನಾನಕ್ಕೆ ಹೋಗಿದ್ದಾಳೆ ಅನ್ನುತ್ತಾನೆ. ಪಾಪದವನು, ಸುಳ್ಳು ಹೇಳಲಿಕ್ಕೂ ಬರುವುದಿಲ್ಲ. ದಿನಕ್ಕೆ ನಾಲ್ಕು ಸಲ ಸ್ನಾನ ಮಾಡುವವಳು ಇಡೀ ದುಬೈಯಲ್ಲಿ ನೀನೊಬ್ಬಳೇ ಇರಬೇಕು.

ಮೊನ್ನೆ ನಮ್ಮ ಕ್ಲಿನಿಕ್ಕಿಗೆ ರಕ್ತ ಪರೀಕ್ಷೆಗೆ ಬಂಟ್ವಾಳ ಕಡೆಯವರೊಬ್ಬರು ಬಂದಿದ್ದರು. ಮಾತಿಗೆ ಮಾತು ಬಂದು, ನೀವು ಅಂಗಡಿ ಮುಚ್ಚಲಿಕ್ಕೆ ಹೊರಟದ್ದು, ವೀಸಾ ಕ್ಯಾನ್ಸಲ್ ಮಾಡಿಸಿದ್ದು, ಹದಿನೆಂಟನೇ ತಾರೀಕಿಗೆ ಖಲಾಸ್ ಮಾಡಿ ಊರಿಗೆ ಹೊರಟದ್ದು ಎಲ್ಲ ಹೇಳಿದರು. ನಾನು ಸೂಜಿ ಚುಚ್ಚಿಯಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅದು ನರದಿಂದ ಜಾರಿತು. ಅವರು ಅಯ್ಯೋ ಸಿಸ್ಟರೇ ಅಂದರು. ನನಗೆ ಅಳು ಬಂತು, ಅವರು ನೋವಾದದ್ದು ನನಗಲ್ಲವಾ ಅಂತ ಕಣ್ಣು ಬಿಟ್ಟು ನೋಡಿದರು.

ನನ್ನ ಮುಖ ನೋಡದೆ ನೀನು ವಿಮಾನ ಹತ್ತುತ್ತೀ ಅಂತ ನೆನೆದರೆ ಊಟ ಸೇರುವುದಿಲ್ಲ ಜಸೀಲಾ. ಅಷ್ಟಕ್ಕೇ ಈ ಕಾಗದ.

ನಿನ್ನೆ ಮೊಂತಿ ಹಬ್ಬ, ನಮ್ಮ ಮರಿಯಮ್ಮನ ಹುಟ್ಟುಹಬ್ಬ. ಊರಿಂದ ವಿಮಾನದಲ್ಲಿ ಬಂದ ಹೊಸ ತೆನೆಗಳನ್ನು ಇಗರ್ಜಿಯಲ್ಲಿ ಆಶೀರ್ವಾದ ಮಾಡಿ ಮನೆಗೊಂದರಂತೆ ಹಂಚಿದರು. ತೆನೆಯನ್ನು ಮೂಗಿಗೆ ಹಿಡಿದರೆ ಊರಿನ ನಿಮ್ಮ ಗದ್ದೆಯ ವಾಸನೆ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು, ನನ್ನ ಪಾದಕ್ಕೆ ಮಾತ್ರ ನಮ್ಮ ಫರಂಗಿಪೇಟೆಯ ಕೆಸರು ತಣ್ಣಗೆ ತಾಗಿದ ಹಾಗಾಯಿತು. ಪಾರ್ಕಿಂಗಿನಲ್ಲಿ ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ, ಲಿಯೊನೆಲ್ ಹಾರ್ನ್ ಹಾಕಿ ಕರೆಯಬೇಕಾಯಿತು.

ನಮಗೆ ಗದ್ದೆ ಇರಲಿಲ್ಲವಲ್ಲ. ಪ್ರತಿ ವರ್ಷ ಹಬ್ಬದ ಹಿಂದಿನ ದಿನ ಅಮ್ಮ ನನ್ನ ಕೈ ಹಿಡಿದು ನಿಮ್ಮ ಗದ್ದೆಯ ಬದುವಿಗೆ ಬರುತ್ತಿದ್ದಳು. ನಿನ್ನ ಉಪ್ಪ ಮುಹಿಯುದ್ದೀನ್ ಬ್ಯಾರಿಯವರು ದೂರದಿಂದಲೇ, "ಬಾಯಮ್ಮ, ಇಳಿಯಬೇಡಿ, ಕೆಸರುಂಟು, ನಾನು ಕೊಡ್ತೇನೆ" ಅಂತ ಕೂಗಿ, ತೆನೆ ಕೊಯ್ದು, ನೀರಲ್ಲಿ ದಂಟು ತೊಳೆದು ಕೊಡುತ್ತಿದ್ದರು. ನೀನು ಅವರ ಹಿಂದೆ ಲಂಗ ಎತ್ತಿಕೊಂಡು ನಿಂತಿರುತ್ತಿದ್ದೆ. ಮರುದಿನ ನಮ್ಮ ಮನೆಯಲ್ಲಿ ಆ ಭತ್ತ ಸುಲಿದು, ತಲೆಗೊಂದು ಕಾಳಿನ ಲೆಕ್ಕದಲ್ಲಿ ಬೆಲ್ಲದ ಹಾಲಿಗೆ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕೂತು ಕುಡಿಯುವುದು. ಆ ಊಟಕ್ಕೆ ನೆಂಟರನ್ನು ಕರೆಯುವ ಕ್ರಮ ಇಲ್ಲ. ಅದು ಮನೆಯವರದ್ದು ಮಾತ್ರ. ಊರಲ್ಲಿಲ್ಲದವರ ಪಾಲಿನ ಕಾಳನ್ನು ಒಣಗಿಸಿ ಕಾಗದದಲ್ಲಿಟ್ಟು ಕಳಿಸುವುದು.

ಅಷ್ಟು ಕಟ್ಟುನಿಟ್ಟಿನ ಅಮ್ಮ ಬಾಳೆ ಎಲೆಯಲ್ಲಿ ಒಂದು ಪಾಲು ಕಟ್ಟಿ ನಿಮ್ಮ ಮನೆಗೆ ಮಾತ್ರ ಕಳಿಸುತ್ತಿದ್ದಳು. ಮನೆಯವರಿಗೆ ಮಾತ್ರ ಅಲ್ಲವಾ ಅಂತ ನಾನೊಮ್ಮೆ ಕೇಳಿದ್ದಕ್ಕೆ, "ತೆನೆ ಕೊಟ್ಟದ್ದು ಯಾರು? ಬಾಯಿ ಮುಚ್ಚಿ ತೆಗೊಂಡು ಹೋಗು" ಅಂತ ಗದರಿಸಿದಳು. ನನ್ನ ಅಮ್ಮ ಬೆಟ್ಟಿಬಾಯಿಯ ಧರ್ಮಶಾಸ್ತ್ರ ಅಷ್ಟೇ ಚಿಕ್ಕದು.

ಇಲ್ಲಿಗೆ ಬಂದ ಮೇಲೆ ಎಲೆ ಕಟ್ಟುವ ಕೆಲಸವೂ ಇರಲಿಲ್ಲ. ನೀವೇ ದುಬೈಯಿಂದ ಬಂದು ಕೂತುಬಿಡುತ್ತಿದ್ದಿರಿ. ನನಗೂ ಲಿಯೊನೆಲ್‌ಗೂ ಮಕ್ಕಳಿಲ್ಲದ ಮನೆಯಲ್ಲಿ ನಿಮ್ಮ ಮಗಳು ಮಿನ್ಹಾ ಮೊದಲ ಸಲ ನನ್ನ ಮಡಿಲಲ್ಲಿ ಕೂತು ಆ ಹಾಲು ಕುಡಿದಾಗ ಅವಳಿಗೆ ಏಳು ತಿಂಗಳು. ಐದು ಜನ, ಐದು ಕಾಳು. ಇಗರ್ಜಿಯ ಯಾರಾದರೂ ಕೇಳಿದರೆ ಕಸಿನ್ಸ್ ಅನ್ನುತ್ತಿದ್ದೆ. ಬುರ್ಖಾ ಹಾಕಿದ ಕಸಿನ್ ಅಂತ ಅವರು ನಗುತ್ತಿದ್ದರು, ನಾನು ನಗುತ್ತಿರಲಿಲ್ಲ.

ಈಗ ದ್ವೀಪದ ಮಾತಿಗೆ ಬರುತ್ತೇನೆ. ಬರಲೇಬೇಕು.

ಕಳೆದ ನವೆಂಬರಿನಲ್ಲಿ ಮಿನ್ಹಾಳ ಶಾಲೆಯಲ್ಲಿ ರಾಷ್ಟ್ರೀಯ ದಿನಕ್ಕೆ ಪ್ರಾಜೆಕ್ಟ್ ಕೊಟ್ಟಿದ್ದರು, ಈ ನೆಲದ ಮೊದಲ ಜನರು ಅಂತ. ಅದಕ್ಕಾಗಿ ಸರ್ ಬನಿ ಯಾಸ್ ದ್ವೀಪಕ್ಕೆ ಹೋಗೋಣ, ಅಲ್ಲಿ ಸಾವಿರದ ಮುನ್ನೂರು ವರ್ಷ ಹಿಂದಿನ ಕ್ರೈಸ್ತ ಮಠ ಉಂಟು ಅಂತ ನಾನು ಹೊರಡಿಸಿದೆ. ಆ ದೋಣಿ, ಆ ಹಸಿರು ನೀರು, ಮರದಡಿಯಲ್ಲಿ ನಮ್ಮನ್ನು ನೋಡಿಯೂ ಓಡದ ಜಿಂಕೆಗಳು. ಈಗಲೂ ಮಧ್ಯಾಹ್ನ ಕಣ್ಣು ಮುಚ್ಚಿದರೆ ಅದೇ ಬರುತ್ತದೆ. ಮೊಣಕಾಲೆತ್ತರದ ಗೋಡೆಗಳು, ಒಬ್ಬನೇ ಮಲಗುವಷ್ಟು ಸಣ್ಣ ಕೋಣೆಗಳು. ಗಾಳಿ ಆ ಕೋಣೆಯಿಂದ ಈ ಕೋಣೆಗೆ ಯಾರನ್ನೋ ಹುಡುಕುವಂತೆ ಓಡಾಡುತ್ತಿತ್ತು. ಗಾರೆಯಲ್ಲಿ ಮೂಡಿಸಿದ ಶಿಲುಬೆಯ ಚಿತ್ರ ನೋಡಿದ್ದೇ ನನ್ನ ಕಣ್ಣು ತುಂಬಿತು.

ನಮ್ಮ ಗೈಡ್ ಜಂಶೀರ್ ಉಪ್ಪಳದವರು, ಕನ್ನಡದಲ್ಲೇ ವಿವರಿಸುತ್ತಿದ್ದರು. ಅವರ ಮಾತು ಮುಗಿಯುವ ಮೊದಲೇ ನಾನು ಮಿನ್ಹಾಳ ಭುಜ ಹಿಡಿದು ಹೇಳಿದೆ: "ನೋಡಿದ್ಯಾ? ಈ ದೇಶದ ಅಡಿಪಾಯದಲ್ಲಿ ಇರುವುದು ಶಿಲುಬೆ. ಇದು ಮೊದಲು ನಮ್ಮದು. ನೀವು ಆಮೇಲೆ ಬಂದವರು. ಬರಿ, ಪ್ರಾಜೆಕ್ಟಿನಲ್ಲಿ ಬರಿ." ಮಿನ್ಹಾ ಓಕೆ ಆಂಟಿ ಅಂದಳು. ಸಂತೋಷದಲ್ಲಿ ಬಾಯಿ ಜಾರಿತು ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡೆ.

ನೀನು ವಾಪಸು ಬರುವ ದೋಣಿಯಲ್ಲಿ ನೀರನ್ನೇ ನೋಡುತ್ತಾ ಮೆಲ್ಲಗೆ ಕೇಳಿದೆ: "ಪ್ಯಾಟಿ, ಊರಲ್ಲಿ ಇದೇ ಮಾತು ನಿನಗೆ ಹೇಳಿದಾಗ ನೀನು ಯಾರ ಅಡಿಗೆ ಕೋಣೆಯಲ್ಲಿ ಕೂತು ಅತ್ತದ್ದು, ನೆನಪುಂಟಾ?"

ಉಂಟು ಜಸೀಲಾ. 2008ರಲ್ಲಿ ಊರ ಕಡೆ ಇಗರ್ಜಿಗಳಿಗೆ ಕಲ್ಲು ಬಿದ್ದ ವಾರ ನಾನು ರಜೆಯಲ್ಲಿ ಬಂದಿದ್ದೆ. ಬಸ್ಸಿನಲ್ಲಿ ನಮ್ಮದೇ ಕ್ಲಾಸಿನಲ್ಲಿ ಓದಿದವಳೊಬ್ಬಳು, ನಿಮಗೇನು, ನಿಮ್ಮ ದೇಶ ರೋಮ್ ಅಲ್ವಾ, ಅಲ್ಲಿಗೆ ಹೋಗಬಹುದು ಅಂದಳು. ಪರೀಕ್ಷೆಯಲ್ಲಿ ನನ್ನ ಪೇಪರ್ ನೋಡಿ ಬರೆದವಳು ಅವಳು! ಮನೆಗೆ ಹೋದರೆ ಅಮ್ಮ ಹೆದರುತ್ತಾಳೆ ಅಂತ ನೇರ ನಿಮ್ಮ ಮನೆಗೆ ಬಂದೆ. ನಿನ್ನ ಉಮ್ಮ ಸಕೀನಮ್ಮ ಕೇಳಿದ್ದು ಏನೂ ಇಲ್ಲ, ಗಂಜಿ ಬಡಿಸಿ ಒಣಮೀನಿನ ಚಟ್ನಿ ಇಟ್ಟರು. ನಿನ್ನ ಉಪ್ಪ ಬಾಗಿಲಲ್ಲಿ ನಿಂತು, "ನಮ್ಮ ಗದ್ದೆಯ ತೆನೆ ತಿಂದು ದೊಡ್ಡವಳಾದದ್ದು ನೀನು. ಬೇರೆ ದೇಶ ಯಾವುದು ನಿನಗೆ? ಗಂಜಿ ಕುಡಿ" ಅಂದರು. ಅಷ್ಟು ಧೈರ್ಯ ನನಗೆ ಯಾವ ಪಾದ್ರಿಯ ಪ್ರಸಂಗದಲ್ಲೂ ಸಿಕ್ಕಿದ್ದಿಲ್ಲ.

ಅದು ನೆನಪಿದ್ದೂ ದೋಣಿಯಲ್ಲಿ ನಾನು ಹೇಳಿದ್ದೇನು? ಅದು ಬೇರೆ, ಇದು ಬೇರೆ ಅಂತ. ಥೂ ನನ್ನ ನಾಲಿಗೆಗೆ. ನೀನು ಆಮೇಲೆ ಮಾತಾಡಲಿಲ್ಲ, ಇವತ್ತಿಗೂ ಆಡಿಲ್ಲ.

ಈ ಹತ್ತು ತಿಂಗಳು ನಾನು ಆ ಮಠದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅದನ್ನು ಯಾರೂ ಒಡೆದದ್ದಲ್ಲವಂತೆ. ಇಲ್ಲಿ ಇಸ್ಲಾಂ ಬಂದ ಮೇಲೂ ನೂರು ವರ್ಷದ ಹತ್ತಿರ ಆ ಸನ್ಯಾಸಿಗಳು ಅಲ್ಲೇ ಪ್ರಾರ್ಥನೆ ಮಾಡಿಕೊಂಡಿದ್ದರಂತೆ. ಒಂದು ದಿನ ಹೊರಟುಹೋದರು, ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಅಗೆದು ತೆಗೆದು ಮೇಲೆ ನೆರಳು ಕಟ್ಟಿ ಕಾಪಾಡಿದವರು ಈ ದೇಶದವರೇ, ಇದು ನಮ್ಮ ಕಥೆ ಅಂತ. ನಾನು ವೀಸಾ ಮುದ್ರೆ ಹೊತ್ತು ಬಂದವಳು ಅದರ ಮೇಲೆ ನಮ್ಮದು ಅಂತ ಚೀಟಿ ಹಚ್ಚಿದೆ. ಊರಲ್ಲಿ ನನಗೆ ಹಚ್ಚಿದ ಅದೇ ಚೀಟಿ. ದೇಶಗಳ ಬುಡದಲ್ಲಿ ದೇವರು ಇರಬಹುದು, ನನಗೆ ಗೊತ್ತಿಲ್ಲ. ಮೊದಲು ಬಂದವರು ಯಾರು ಅಂತ ಕೇಳುವವರ ಹತ್ತಿರ ಮಾತ್ರ ಅವನು ಇರಲಿಕ್ಕಿಲ್ಲ.

ನಿನ್ನೆ ಊಟಕ್ಕೆ ಕೂರುವಾಗ ಲಿಯೊನೆಲ್‌ಗೆ ಎರಡೇ ಕಾಳು ಸಾಕು ಅಂದೆ. ಮನೆಯ ಯಜಮಾನ ತಾನೇ ಕಾಳು ತೆಗೆಯುವುದು. ಅವನು ಪ್ರಾರ್ಥನೆ ಹೇಳಿ ತೆನೆಯಿಂದ ಐದು ಕಾಳು ಬಿಡಿಸಿದ. ಎರಡನ್ನು ಸುಲಿದು ಹಾಲಿಗೆ ಹಾಕಿದ. ಮೂರನ್ನು ಹಾಗೇ ಬದಿಗಿಟ್ಟ. ನಾನು ಮುಖ ಊದಿಸಿದ್ದು ನೋಡಿ, "ಜಗಳ ನಿಂದು ಇರಬಹುದು, ಮನೆ ನಂದೂ ಹೌದಲ್ಲ" ಅಂದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ನನಗೆ ಎದುರು ಹೇಳಿದ್ದು ಇದು ಎರಡನೇ ಸಲ.

ಊಟವಾಗಿ ಕಣ್ಣು ಹತ್ತಿತು. ಕನಸಿನಲ್ಲಿ ಮತ್ತೆ ದ್ವೀಪ. ಸಮುದ್ರದ ಉಪ್ಪು ನೀರಿನಲ್ಲೇ ಭತ್ತ ಬೆಳೆದು ತೂಗುತ್ತಿತ್ತು. ನಿನ್ನ ಉಪ್ಪ ಮೊಣಕಾಲು ಒದ್ದೆ ಮಾಡಿಕೊಂಡು ತೆನೆ ಕೊಯ್ದು ತರುತ್ತಿದ್ದರು. ಸಣ್ಣ ಕೋಣೆಗಳಿಂದ ಒಬ್ಬೊಬ್ಬರೇ ಸನ್ಯಾಸಿಗಳು ಹೊರಗೆ ಬಂದು ಕೈಯೊಡ್ಡಿ ತೆಗೆದುಕೊಳ್ಳುತ್ತಿದ್ದರು. ಅಂಗಳದಲ್ಲಿ ಸಕೀನಮ್ಮ ಮೀನು ಒಣಗಿಸುತ್ತಿದ್ದರು. ಎಲ್ಲೋ ಗಂಟೆ, ಎಲ್ಲೋ ಬಾಂಗು, ಯಾವುದು ಎಲ್ಲಿಂದ ಅಂತ ತಿಳಿಯಲಿಲ್ಲ. ತೀರಿಕೊಂಡು ಆರು ವರ್ಷವಾದ ಅಮ್ಮ ಕೊಡೆ ಹಿಡಿದು ನಿಂತಿದ್ದಳು. ನಾನು ಜೋರಾಗಿ, ಅಮ್ಮಾ ಇದು ಯಾರ ದೇಶ ಅಂತ ಕೇಳಿದೆ. "ಮೊದಲು ಊಟಕ್ಕೆ ಕೂತ್ಕೋ, ಹಾಲು ತಣ್ಣಗಾಗ್ತದೆ" ಅಂದಳು. ಎಚ್ಚರವಾದಾಗ ಎಸಿ ಗುಂಯ್‌ಗುಡುತ್ತಿತ್ತು, ದಿಂಬು ಒದ್ದೆಯಾಗಿತ್ತು.

ತಪ್ಪಾಯಿತು ಜಸೀಲಾ. ಇದನ್ನು ಬರೆಯಲಿಕ್ಕೆ ಎಷ್ಟು ಹಾಳೆ ಬೇಕಾಯಿತು ನೋಡು. ಶುಕ್ರವಾರ ಜುಮಾ ಮುಗಿಯುವ ಹೊತ್ತಿಗೆ ನಾನು ಬಸ್ಸು ಹಿಡಿದು ಸತ್ವಾಕ್ಕೆ ಬರುತ್ತೇನೆ. ಬಾಗಿಲು ತೆರೆಯದಿದ್ದರೆ ಮೆಟ್ಟಿಲಲ್ಲಿ ಕೂತಿರುತ್ತೇನೆ. ಎಷ್ಟು ಹೊತ್ತು ಸ್ನಾನ ಮಾಡುತ್ತೀ ನಾನೂ ನೋಡುತ್ತೇನೆ.

ನಿನ್ನ ಬಾಯಿಬಡುಕಿ,
ಪ್ಯಾಟ್ರಿಶಿಯಾ

ಮರೆತು ಉಳಿದದ್ದಲ್ಲ, ಬೇಕೆಂದೇ ಮುಚ್ಚಿಟ್ಟದ್ದು: ದ್ವೀಪಕ್ಕೆ ಹೊರಡಿಸಿದ್ದು ಪ್ರಾಜೆಕ್ಟಿಗಾಗಿ ಅಂತ ಬರೆದೆ. ಸುಳ್ಳು. ಅದಕ್ಕೆ ಎರಡು ತಿಂಗಳ ಮೊದಲು, ಕಳೆದ ವರ್ಷದ ಮೊಂತಿ ಹಬ್ಬದ ಊಟಕ್ಕೆ ನೀವು ಬಂದಿದ್ದಾಗ, ನೀನು ಒಳಗೆ ಹಪ್ಪಳ ಕಾಯಿಸುತ್ತಿದ್ದೆ. ಮಿನ್ಹಾ ಹಾಲು ಕುಡಿಯುತ್ತಾ ಇಂಗ್ಲಿಷಿನಲ್ಲಿ, ಆಂಟಿ, ಇದು ಮುಸ್ಲಿಂ ದೇಶ ಆದರೂ ನಿಮಗೆ ಚರ್ಚ್ ಇಟ್ಟುಕೊಳ್ಳಲಿಕ್ಕೆ ಬಿಡ್ತಾರಲ್ಲ, ಎಷ್ಟು ಒಳ್ಳೆಯವರು ಅಂದಳು. ಪ್ರೀತಿಯಿಂದಲೇ ಅಂದದ್ದು. ನಾನು ನಕ್ಕು ಅವಳಿಗೆ ಇನ್ನೊಂದು ಸೌಟು ಬಡಿಸಿದೆ. ಅದೇ ವಾರ ಆ ಮಠದ ಬಗ್ಗೆ ಹುಡುಕಿ ಇಟ್ಟುಕೊಂಡೆ. ದ್ವೀಪದಲ್ಲಿ ನನ್ನ ಬಾಯಿ ಜಾರಲಿಲ್ಲ, ಆ ಮಾತನ್ನು ಬಾಯಿಪಾಠ ಮಾಡಿಕೊಂಡೇ ದೋಣಿ ಹತ್ತಿದ್ದೆ. ಹದಿನೈದರ ಮಗುವಿನ ಮೇಲೆ ಹಗೆ ತೀರಿಸಲಿಕ್ಕೆ ನಲವತ್ತಾರರ ಹೆಂಗಸು ಸಮುದ್ರ ದಾಟಿದಳು.

ಡಿಸೆಂಬರಿನಲ್ಲೇ ಅವಳು ತನ್ನ ಪ್ರಾಜೆಕ್ಟನ್ನು ನನಗೆ ಕಳಿಸಿದ್ದಳು, ನಿನಗೆ ಹೇಳಿದ್ದಾಳೋ ಇಲ್ಲವೋ. ನಾಚಿಕೆಯಲ್ಲಿ ತೆರೆದಿರಲಿಲ್ಲ, ನಿನ್ನೆ ತೆರೆದೆ. ಜಂಶೀರ್ ಹೇಳಿದ್ದನ್ನು ಆ ದಿನ ಪೂರ್ತಿ ಕೇಳಿಸಿಕೊಂಡವಳು ಅವಳೊಬ್ಬಳೇ. ಮೊದಲ ಪುಟದಲ್ಲಿ ಹೀಗೆ ಬರೆದಿದ್ದಾಳೆ: ಇಲ್ಲಿ ಮೊದಲು ಪ್ಯಾಟಿ ಆಂಟಿಯ ಜನ ಇದ್ದರು, ಆಮೇಲೆ ನಾವು ಅವರ ಪಕ್ಕದ ಮನೆಗೆ ಬಂದೆವು.

ಕಾಗದದ ಮಡಿಕೆಯಲ್ಲಿ ಲಿಯೊನೆಲ್ ಎತ್ತಿಟ್ಟ ಮೂರು ಕಾಳು ಉಂಟು. ದೊಡ್ಡದು ಮಿನ್ಹಾಳದ್ದು. ಕೊಡು, ಆದರೆ ನಾನು ಮೇಲೆ ಒಪ್ಪಿಕೊಂಡದ್ದನ್ನು ಅವಳಿಗೆ ಹೇಳಬೇಡ. ಶುಕ್ರವಾರ ನಾನೇ ಹೇಳಬೇಕು.