ಹರಿತಾಳ ಫಾರಂ ತಿದ್ದುವ ಬಗ್ಗೆ

ರಾಯದುರ್ಗ
ಮಂಗಳವಾರ

ಪೂರ್ಣಿಮಾ ಮೇಡಂ ಅವರಿಗೆ, ಹರಿತಾಳ ತಾಯಿ ಹುಲಿಗೆಮ್ಮ ಮಾಡುವ ನಮಸ್ಕಾರ.

ಮಕ್ಕಳು ಜನರೊಂದಿಗೆ ಹೇಗೆ ಬೆರೆಯುತ್ತಾರೆ ಎಂಬ ನಿಮ್ಮ ಸಂಶೋಧನೆಯ ಫಾರಂ ಶಾಲೆಯಿಂದ ನನ್ನ ಕೈಗೆ ಬಂತು. ಎಂಟು ವರ್ಷದ ನನ್ನ ಮಗಳ ಹೆಸರಿನ ಮುಂದೆ, "ಕರೆದರೆ ಓಗೊಡುವುದಿಲ್ಲ. ಮಾತಿನ ಬದಲು ಕೈಸನ್ನೆ. ಅಪರಿಚಿತರ ಬಟ್ಟೆ ಎಳೆಯುತ್ತಾಳೆ. ಸಾಮಾಜಿಕ ಕೌಶಲ ಕಡಿಮೆ" ಎಂದು ಬರೆದಿದ್ದೀರಿ.

ನಮ್ಮ ಪಡಸಾಲೆಯಲ್ಲೇ ಐದು ಮೆಷಿನ್ ಇಟ್ಟು ಜೀನ್ಸ್ ಹೊಲಿಯುತ್ತೇವೆ. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ದಾರ ಬೇಕಾದರೆ ಬೆರಳು ಸುತ್ತಿ ತೋರಿಸುತ್ತೇವೆ, ಊಟಕ್ಕೆ ಕರೆಯಲು ಭುಜ ತಟ್ಟುತ್ತೇವೆ. ಮಗು ಕಲಿತದ್ದೂ ಅದನ್ನೇ. ನೀವು ಬಂದ ಭಾನುವಾರ ನಾನು, "ಮೆಷಿನ್ ಬಂದ್ ಮಾಡ್ತೀನ್ರಿ, ಆಮ್ಯಾಲ ಕೇಳ್ರಿ" ಎಂದೆ. "ಬೇಡಮ್ಮ, ಸಹಜವಾಗೇ ಇರಲಿ" ಎಂದವರು ನೀವು. ನಾವು ಸಹಜವಾಗೇ ಇದ್ದೆವು, ಮೇಡಂ.

ಅವಳು ಎಳೆದದ್ದು ನಿಮ್ಮ ದುಪಟ್ಟಾ. ಅದರ ತುದಿ ನನ್ನ ಮೆಷಿನ್ನಿನ ಬೆಲ್ಟಿನಿಂದ ಬೆರಳಗಲ ದೂರದಲ್ಲಿತ್ತು. ನಾನು ಅದನ್ನು ನೋಡಿದ್ದೇ ಅವಳು ಎಳೆದ ಮೇಲೆ. ನೀವಂತೂ ತಲೆ ಬಗ್ಗಿಸಿ ಬರೆಯುತ್ತಿದ್ದಿರಿ.

ಫಾರಂ ವಾಪಸ್ ಕಳಿಸಿದ್ದೇನೆ, ತಿದ್ದಿ ಕೊಡಿ. ಮತ್ತೆ ಬರುವುದಾದರೆ ಕರೆಂಟ್ ಇಲ್ಲದಾಗ ಬನ್ನಿ, ಆಗ ಅವಳ ಬಾಯಿ ಮುಚ್ಚಿಸುವುದೇ ಕಷ್ಟ. ಮೆಷಿನ್ ಓಡುವಾಗಲೇ ಬರುವುದಾದರೆ ದುಪಟ್ಟಾಕ್ಕೆ ಪಿನ್ ಹಾಕಿಕೊಂಡು ಬನ್ನಿ. ಅಪರಿಚಿತರ ಬಟ್ಟೆ ಎಳೆಯಬಾರದು ಎಂದು ಮಗಳಿಗೆ ಬುದ್ಧಿ ಹೇಳಿದ್ದೇನೆ.

ಇಂತಿ,
ಹುಲಿಗೆಮ್ಮ