ನಿಮ್ಮಪ್ಪನಿಗೆ ಯಾವ ಲೈಟು

ಬ್ರಷಿ ಕ್ರೀಕ್, ಕೆಂಟಕಿ
ಅಕ್ಟೋಬರ್ ೯, ಸೋಮವಾರ

ಮುದ್ದು ಮರ್ಲಾ,

ಅಪ್ಪನ ಹುಟ್ಟುಹಬ್ಬಕ್ಕೆ ಯಾವ ಬೇಟೆ ಲೈಟು ತರಲಿ ಎಂದು ನೀನು ಫೋನಿನಲ್ಲಿ ಕೇಳಿದಾಗ ನಾನು ಹಾರಿಕೆಯ ಮಾತಾಡಿ ಇಟ್ಟುಬಿಟ್ಟೆ. ಅವರು ಪಕ್ಕದಲ್ಲೇ ಕೂತು ಬೀನ್ಸ್ ತಿನ್ನುತ್ತಿದ್ದರು. ಈಗ ನಾಯಿಗೆ ಹಿಟ್ಟು ತರಲು ಪೇಟೆಗೆ ಹೋಗಿದ್ದಾರೆ. ಬರುವುದರೊಳಗೆ ಬರೆದು ಮುಗಿಸಬೇಕು.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಪಕ್ಕದ ಮನೆ ಡೆಲ್ಬರ್ಟ್ ಎರಡು ಹೊಸ ಲೈಟು ತಂದಿದ್ದ. ಜಗುಲಿಯಲ್ಲಿ ನಿಂತು ಎರಡನ್ನೂ ಹಾಕಿ ನೋಡಿದೆವು. ಒಂದು ಹಾಕಿದರೆ ಅಂಗಳವೆಲ್ಲ ಹಗಲು, ಆದರೆ ಹಳ್ಳದಾಚೆಗೆ ಏನೂ ಇಲ್ಲ. ಇನ್ನೊಂದರದು ಸಣ್ಣ ಬೆಳಕು, ದಿಬ್ಬದ ಮೇಲಿನ ಮರದ ತುದಿಯವರೆಗೂ ಹೋಗುತ್ತದೆ, ಆದರೆ ಅಲ್ಲಿ ಕಾಣುವುದು ತಟ್ಟೆಯಗಲ ಮಾತ್ರ. "ಮೊದಲ್ನೇದು ದಾರಿ ನೋಡೋಕೆ, ಎರಡ್ನೇದು ಮರ ಹತ್ತಿ ಕೂತ ರಕೂನ್ ಕಣ್ಣು ನೋಡೋಕೆ" ಎಂದ ಡೆಲ್ಬರ್ಟ್.

ನಿಮ್ಮಪ್ಪ ಎರಡೂ ಮಂಕು ಎಂದರು. "ಈಗಿನ ಕಾಲ್ದೋರು ಬೆಳಕಿಗೂ ನೀರು ಬೆರೆಸ್ತಾರೆ ಕಣೋ." ಡೆಲ್ಬರ್ಟ್ ನಕ್ಕ, ಆಮೇಲೆ ನನ್ನ ಮುಖ ನೋಡಿದ. ಈ ವರ್ಷ ಕೊಂಡ ಲೈಟುಗಳೆಲ್ಲ ಕಪಾಟಿನಲ್ಲಿ ಬಿದ್ದಿವೆ, ಒಂದಕ್ಕಿಂತ ಒಂದು ಪ್ರಖರ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಹೋದ ಶನಿವಾರ ರಾತ್ರಿ ರಕೂನ್ ಬೇಟೆ ಕ್ಲಬ್ಬಿನ ಪಂದ್ಯ ಇತ್ತು. ನಮ್ಮ ಸೇಡಿ ಎಲ್ಲ ನಾಯಿಗಳಿಗಿಂತ ಮೊದಲು ಒಂದು ಓಕ್ ಮರಕ್ಕೆ ಮುಂಗಾಲು ಊರಿ ಬೊಗಳಿದಳು. ಪಂದ್ಯದ ಕಟ್ಟಳೆ ನಿನಗೆ ಗೊತ್ತು. ನಾಯಿ ಬೊಗಳಿದ ಮರದಲ್ಲಿ ರಕೂನ್ ಕಣ್ಣಿಗೆ ಬಿದ್ದರೆ ಅಂಕ, ಬೀಳದಿದ್ದರೆ ಇಲ್ಲ, ನೋಡಲು ಜೊತೆಗೆ ಬಂದವರು ತುಟಿ ಬಿಚ್ಚಿದರೆ ನಾಯಿ ಪಂದ್ಯದಿಂದಲೇ ಹೊರಗೆ. ಅದಕ್ಕೇ ನಾನು ಹಿಂದೆ ನಿಂತಿದ್ದೆ.

ನಿಮ್ಮಪ್ಪ ಲೈಟು ಎತ್ತಿದವರೇ "ಅಗೋ, ಎಡಗಡೆ ಕವಲಲ್ಲಿ" ಎಂದರು. ಡೆಲ್ಬರ್ಟನೂ ಸೇರಿ ಎಲ್ಲರೂ ಲೈಟನ್ನು ಅತ್ತ ತಿರುಗಿಸಿದರು. ಕವಲು ಖಾಲಿ. ತೀರ್ಪುಗಾರ ವೆಂಡೆಲ್ ಕೆಮ್ಮಿದ. "ಹೋಬರ್ಟ್, ಇನ್ನೊಂದ್ಸಲ ತೋರ್ಸಪ್ಪ." "ಕಂಡಿದೆ ಅಂದ್ನಲ್ಲ, ಎಷ್ಟ್ ಸಲ ಹೇಳ್ಬೇಕು ನಿಂಗೆ?" ವೆಂಡೆಲ್ ಅಂಕ ಬರೆಯದೆ ಚೀಟಿ ಮಡಚಿ ಜೇಬಿಗಿಟ್ಟ. ಹೋಬರ್ಟ್ ಕಂಡೆ ಅಂದರೆ ಈ ಬೆಟ್ಟದಲ್ಲಿ ಇನ್ನೊಬ್ಬರು ಕತ್ತೆತ್ತಿ ನೋಡುತ್ತಿರಲಿಲ್ಲ, ಮರ್ಲಾ. ಅವತ್ತು ವಾಪಸು ನಡೆಯುವಾಗ ಅವರ ಪಕ್ಕದಲ್ಲಿ ಒಬ್ಬರೂ ನಡೆಯಲಿಲ್ಲ.

ಟ್ರಕ್ಕನ್ನು ನಾನೇ ಓಡಿಸುತ್ತ ಕೇಳಿದೆ, ನಿಜವಾಗಿಯೂ ಕಂಡಿತೇ ಎಂದು. "ಸೇಡಿ ಅಲ್ಲಿದೆ ಅಂದ್ಲು. ಅವಳು ಯಾವತ್ತಾದ್ರೂ ಸುಳ್ಳು ಹೇಳಿದಾಳಾ?" ಎಂದರು. ನಾಯಿ ಬೊಗಳಿದ್ದನ್ನೇ ತಾವು ಕಂಡಿದ್ದು ಎಂದುಕೊಂಡಿದ್ದಾರೆ. ಎಷ್ಟು ದಿನದಿಂದ ಹೀಗೆ ನಡೆದಿದೆಯೋ.

ಶುಕ್ರವಾರ ಕ್ಲಬ್ಬಿನವರು ಸೇರುತ್ತಾರೆ. ಸುಳ್ಳು ಹೇಳಿ ಅಂಕ ಕೇಳಿದ ಎಂದು ಅವರ ಹೆಸರನ್ನು ತೆಗೆದುಹಾಕುತ್ತಾರಂತೆ. ಕಣ್ಣು ಮಂಜಾಗಿದೆ ಎಂದು ಒಂದು ಮಾತು ಹೇಳಿದರೆ ಎಲ್ಲರೂ ಕೈಹಿಡಿದು ಕೂರಿಸಿಕೊಳ್ಳುತ್ತಾರೆ. ಅವರು ಹೇಳುವುದಿಲ್ಲ. ಕುರುಡ ಅನ್ನಿಸಿಕೊಳ್ಳುವುದಕ್ಕಿಂತ ಸುಳ್ಳುಗಾರ ಅನ್ನಿಸಿಕೊಳ್ಳುವುದೇ ವಾಸಿ ಎಂದು ಕೂತಿದ್ದಾರೆ ಈ ಮೊಂಡ. ನಿನ್ನ ಅಜ್ಜಿ ಕೊನೆಗೆ ಗೋಡೆ ತಡವಿಕೊಂಡು ನಡೆಯುತ್ತಿದ್ದದ್ದನ್ನು ನೋಡಿದವರು, ಆ ಹೆದರಿಕೆ. ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ಲೈಟು ತರಬೇಡ. ಗುರುವಾರ ನೀನೇ ಬಾ, ನಿನ್ನೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನಾನು ಬಾಯಿ ತೆಗೆದರೆ ಎದ್ದು ಹೊರಗೆ ಹೋಗುತ್ತಾರೆ, ನಿನ್ನ ಮಾತನ್ನು ಕೂತು ಕೇಳುತ್ತಾರೆ. ಟ್ರಕ್ಕಿನ ಸದ್ದಾಯಿತು.

ನಿನ್ನ ದಾರಿ ಕಾಯುವ ಅಮ್ಮ,
ವರ್ನಾ

ಇನ್ನೊಂದು ಮಾತು: ಇದನ್ನು ಬರೆಯಲೋ ಬೇಡವೋ ಎಂದು ಲಕೋಟೆಯನ್ನು ಎರಡು ಸಲ ಬಿಚ್ಚಿದೆ. ಆ ಮರದಲ್ಲಿ ರಕೂನ್ ಇತ್ತು. ಡೆಲ್ಬರ್ಟನ ಬೆಳಕು ಹಾದುಹೋಗುವಾಗ ಬಲಗಡೆಯ ಕವಲಿನಲ್ಲಿ ಎರಡು ಕಣ್ಣು ಮಿಂಚಿ ಮುಚ್ಚಿದ್ದನ್ನು ನಾನು ನೋಡಿದೆ. ಎಲ್ಲರೂ ನಿಮ್ಮಪ್ಪನ ಮಾತು ನಂಬಿ ಎಡಕ್ಕೇ ನೋಡುತ್ತಿದ್ದರು. ಅಲ್ಲಿ ನಾನು ಬಾಯಿ ಬಿಟ್ಟಿದ್ದರೆ ಸೇಡಿ ಪಂದ್ಯದಿಂದ ಹೊರಗೆ, ಆಮೇಲೆ ಸೇಡಿಯದು ತಪ್ಪಿಲ್ಲ ಎಂದರೆ ಅವರ ಕಣ್ಣು ಹೋಗಿದೆ ಎಂದೇ ಹೇಳಿದ ಹಾಗೆ. ಮನೆಗೆ ಬಂದು ಸೇಡಿಗೊಬ್ಬಳಿಗೆ ಹೇಳಿದೆ. ಅವರಿಗೆ ಹೇಳಲು ನೀನು ಬಾ.