ಎಡತೋಳಿನ ಶಂಖಮುದ್ರೆ

ವೇಲಚೇರಿ, ಚೆನ್ನೈ
ಶನಿವಾರ, 14 ಜೂನ್ 2025

ಚಿ. ವಿದ್ಯಾಗೆ ಅಮ್ಮನ ಆಶೀರ್ವಾದ. ಆಶೀರ್ವಾದ ಮಾಡುವ ಮನಸ್ಸೇನೂ ಈಗ ಇಲ್ಲ, ಆದರೂ ಇರಲಿ.

ಫೋನ್ ಮಾಡಿದರೆ ನಿಮ್ಮಪ್ಪ ಪಕ್ಕದಲ್ಲೇ ಕೂತು ಸ್ಪೀಕರ್ ಹಾಕು ಅನ್ನುತ್ತಾರೆ. ಅದಕ್ಕೇ ನಾಳೆ ನೀನಿರುವ ಪುಣೆಗೆ ಹೊರಟಿರುವ ಪಕ್ಕದ ಫ್ಲಾಟಿನ ಕಲಾವತಿಯ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನೇರವಾಗಿಯೇ ಕೇಳುತ್ತೇನೆ. ನಿನ್ನ ಲ್ಯಾಬಿನಿಂದ ಅವರಿಗೆ ಔಷಧಿ ತಂದುಕೊಟ್ಟಿದ್ದೀಯಾ?

ಎಡತೋಳಿನ ಕಪ್ಪು ಮಚ್ಚೆಯ ಚೂರು ತೆಗೆದು ಪರೀಕ್ಷೆ ಮಾಡಿಸಿದ ನುಂಗಂಬಾಕ್ಕಂ ಡಾಕ್ಟರು ಚರ್ಮದ ಕ್ಯಾನ್ಸರ್ ಎಂದಾಗ ನೀನೂ ಅಲ್ಲೇ ಇದ್ದೆ. ಈಗಲೇ ಕತ್ತರಿಸಿ ತೆಗೆದರೆ ಉಳಿಯುತ್ತಾರೆ, ತಡಮಾಡಿದರೆ ಒಳಗೆಲ್ಲ ಹರಡುತ್ತದೆ ಎಂದರು. ಅಲ್ಲಿ ಹೂಂ ಎಂದು ತಲೆಯಾಡಿಸಿದ ನಿಮ್ಮಪ್ಪ ಮನೆಗೆ ಬಂದವರೇ, ಕತ್ತರಿ ಗಿತ್ತರಿ ಏನೂ ಬೇಡ, ನಮ್ಮ ವಿದ್ಯಾ ಅರಿಶಿನದಲ್ಲಿ ಔಷಧಿ ಮಾಡ್ತಿದಾಳಲ್ಲ ಎಂದು ಕೂತುಬಿಟ್ಟರು. ಅವತ್ತು ನೀವಿಬ್ಬರೂ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದಿರಿ. ನಾನು ಒಳಗೆ ಬಂದ ಕೂಡಲೇ ನೀನು ಕಾಫಿಪುಡಿಯ ಮಾತು ತೆಗೆದೆ. ಹೆತ್ತವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ನನ್ನ ಅನುಮಾನ ಗಟ್ಟಿಯಾದದ್ದು ಮುದ್ರೆಯಿಂದ. ಸ್ನಾನವಾದ ಮೇಲೆ ಅವರು ಹಚ್ಚಿಕೊಳ್ಳುವ ಗೋಪೀಚಂದನದ ಮುದ್ರೆಗಳು ಪೂಜೆ ಮುಗಿಯುವಷ್ಟರಲ್ಲಿ ಒಣಗಿ ಬಿಳಿಚಿಕೊಳ್ಳುತ್ತವೆ. ಈಚೆಗೆ ಎಡತೋಳಿನ ಮಚ್ಚೆಯ ಮೇಲೆ ಬೀಳುವ ಶಂಖಮುದ್ರೆ ಮಾತ್ರ ಊಟಕ್ಕೆ ಕೂರುವವರೆಗೂ ಒದ್ದೆ. ಮಡಿಯಲ್ಲಿರುವವರನ್ನು ಮುಟ್ಟಿ ನೋಡುವಂತಿಲ್ಲ. ಊಟವಾದೊಡನೆ ತೋಳಿನ ಬನಿಯನ್ ತೊಟ್ಟುಬಿಡುತ್ತಾರೆ. ಒಗೆಯಲು ಹಾಕಿದ ಬನಿಯನ್ನಿನ ತೋಳಲ್ಲಿ ಸೋಪಿಗೂ ಹೋಗದ ಹಳದಿ ಕಲೆ. ಮುದ್ರೆಯ ಅಡಿಯಲ್ಲಿ ಏನೋ ಬಳಿಯುತ್ತಿದ್ದಾರೆ. ದೇವರ ಗುರುತಿನಡಿ ಕಳ್ಳತನ ಮಾಡುವ ಗಂಡಸನ್ನು ನಾನು ಕಂಡದ್ದು ಇವರೊಬ್ಬರನ್ನೇ.

ಅರಿಶಿನದ ಸಾರವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣಗಳಲ್ಲಿ ತುಂಬಿದರೆ ಚರ್ಮದೊಳಕ್ಕೆ ಇಳಿದು ಗಡ್ಡೆಯನ್ನು ತಲುಪಬಹುದು ಎಂದು ನೀನೇ ವಿವರಿಸಿದ್ದೆ. ಇಲಿಗಳ ಮೇಲೆ ಮಾತ್ರ ನೋಡಿದ್ದೇವೆ, ಮನುಷ್ಯರಿಗೆ ಕೊಡಲು ಇನ್ನೂ ಬಹಳ ದೂರವಿದೆ ಎಂದವಳೂ ನೀನೇ. ನಿಮ್ಮಪ್ಪ ಇಲಿಯಲ್ಲ, ವಿದ್ಯಾ. ಮಚ್ಚೆಯ ಅಂಚು ಈಗ ಮುದ್ರೆಯನ್ನೂ ದಾಟಿ ಹೊರಗೆ ಬಂದಿದೆ. ನನಗೆ ತುಂಬಾ ಭಯವಾಗುತ್ತಿದೆ.

ಸುತ್ತಿಬಳಸದೆ ನಿಜ ಬರೆ.

ನಿನ್ನ ಅಮ್ಮ,
ಲಕ್ಷ್ಮೀ

ತಾ.ಕ.: ಕಾಗದ ಅಂಟಿಸುವ ಮೊದಲು ಅವರ ದೇವರ ಪೆಟ್ಟಿಗೆ ತಡಕಿದೆ. ಟ್ಯೂಬ್ ಸಿಕ್ಕಿತು. ನಿನ್ನ ಲ್ಯಾಬಿನದಲ್ಲ, ಮೊಬೈಲಿನಲ್ಲಿ ಜಾಹೀರಾತು ನೋಡಿ ತರಿಸಿದ್ದು. ಮಾಡಿದವರ ವಿಳಾಸವಿಲ್ಲ, ನಿನ್ನ ಫೋಟೋ ಇದೆ. ನಿನ್ನ ಸಂಶೋಧನೆಯ ಸುದ್ದಿಯ ಜೊತೆ ಪೇಪರಿನಲ್ಲಿ ಬಂದಿದ್ದನ್ನೇ ಯಾರೋ ಕದ್ದು ಅಂಟಿಸಿದ್ದಾರೆ. ಎದುರಿಗೆ ಹಿಡಿದು ಕೇಳಿದೆ. ಅವತ್ತು ಬಾಗಿಲು ಹಾಕಿಕೊಂಡು, ಆಪರೇಷನ್ ಮಾಡಿಸಿಕೊಳ್ಳಿ ಎಂದು ನೀನು ಬೇಡಿಕೊಂಡೆಯಂತೆ. ಕಾನೂನಿಗೆ ಹೆದರಿ ಬಾಯಲ್ಲಿ ಹಾಗನ್ನುತ್ತೀಯ, ಔಷಧಿಯನ್ನು ಗುಟ್ಟಾಗಿ ಹೊರಗೆ ಬಿಟ್ಟಿದ್ದೀಯ ಎಂದುಕೊಂಡರಂತೆ. ಟ್ಯೂಬಿನ ಮೇಲೆ ಬರೆದದ್ದು ಒಂದಕ್ಷರವೂ ಓದಿಲ್ಲ, ಮಗಳ ಮುಖ ನೋಡಿ ತರಿಸಿದೆ ಎಂದರು. ಫೋನಿನಲ್ಲಿ ನೀನು ಅಲ್ಲವೆಂದರೆ, ಅವಳ ಪಕ್ಕದಲ್ಲಿ ಯಾರೋ ಇರಬೇಕು, ಅದಕ್ಕೇ ಹಾಗಂದಳು ಅನ್ನುತ್ತಾರೆ. ಕಾಗದ ಕಂಡ ಕೂಡಲೇ ಹೊರಟು ಬಾ. ಎದುರಿಗೆ ಕೂತು, ಅದೇ ಮುಖದಿಂದ, ಇದು ನನ್ನದಲ್ಲ ಎಂದು ಹೇಳು.